ಮೊದಲು ಓಡಿಸುವ ದುಡ್ಡು ಎತ್ತಿಡಿ, ಆಮೇಲೆ ಇಂಜಿನ್ ಮಾತು

ಪ್ರಶ್ನೆ: ನಮ್ಮೂರು ಹಾಸನ. ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಕಳೆದ ವರ್ಷ ಪಕ್ಕದ ಬೀದಿಯ ಹಿರಿಯರೊಬ್ಬರಿಂದ 1967ರ ಎಂಜಿಬಿ ರೋಡ್‌ಸ್ಟರ್, ಅಂದರೆ ಇಂಗ್ಲೆಂಡಿನ ಮೇಲ್ಛಾವಣಿ ಇಲ್ಲದ ಸ್ಪೋರ್ಟ್ಸ್ ಕಾರು, ಕೊಂಡೆ. ಇಂಜಿನ್ ಸ್ಟಾರ್ಟ್ ಆಗುತ್ತದೆ, ಸ್ವಲ್ಪ ಹೊಗೆ ಬಿಡುತ್ತದೆ. ಬಲಗಡೆ ಬಾಗಿಲ ಕೆಳಗೆ ತುಕ್ಕು ಕಾಣುತ್ತಿದೆ. ಇದನ್ನು ವಿಂಟೇಜ್ ರೇಸಿಗೆ ಸಿದ್ಧ ಮಾಡಿ ಇಲ್ಲಿನ ಸೋನೋಮಾ ಟ್ರ್ಯಾಕಿನಲ್ಲೋ ಲಗೂನಾ ಸೇಕಾ ಟ್ರ್ಯಾಕಿನಲ್ಲೋ ಓಡಿಸಬೇಕು ಅಂತ ಆಸೆ. ಕೈಯಲ್ಲಿ 25,000 ಡಾಲರ್ ಇದೆ, ಎರಡು ವರ್ಷ ಸಮಯ ಇದೆ. ರೇಸ್ ಇಂಜಿನ್ ಕಟ್ಟುವವರೊಬ್ಬರು 12,000 ಕೇಳಿದ್ದಾರೆ. ಅಲ್ಲಿಂದಲೇ ಶುರು ಮಾಡಲಾ ಸರ್?

ಉತ್ತರ: ಬೇಡ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. 25,000 ಡಾಲರಿಗೆ ಎಂಜಿಬಿ ಒಂದನ್ನು ಸಿದ್ಧ ಮಾಡಿ, ನಾಲ್ಕು ರೇಸ್ ವಾರಾಂತ್ಯ ಓಡಿಸಿ, ಮನೆಯವರ ಮುಖ ನೋಡುವ ಹಾಗೆ ಬದುಕಬಹುದು. ಆದರೆ ಅದರಲ್ಲಿ 12,000 ಇಂಜಿನ್ನಿಗೇ ಹೋದರೆ ಆ ಕಾರು ಟ್ರ್ಯಾಕ್ ನೋಡುವುದೇ ಅನುಮಾನ. ಇದನ್ನು ನಾನು ಕೇಳಿ ಹೇಳುತ್ತಿಲ್ಲ, ಅನುಭವಿಸಿ ಹೇಳುತ್ತಿದ್ದೇನೆ.

ನನ್ನ ಮೊದಲ ಎಂಜಿಬಿಯಲ್ಲಿ ನಾನು ಮಾಡಿದ್ದೂ ಅದನ್ನೇ. ಇದ್ದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಜಿನ್ನಿಗೆ ಹಾಕಿದೆ. ಅದು ಬಂತು, ಹೊಳೆಯುತ್ತಿತ್ತು, ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಅದೇ ವಾರ ಸೀಟ್ ಬೆಲ್ಟು, ಹೆಲ್ಮೆಟ್ಟು, ಟೈರು ಎಲ್ಲವನ್ನೂ ರಿಯಾಯಿತಿಯಲ್ಲಿ ಸಿಕ್ಕಿತು ಅಂತ ಕೊಂಡೆ. ಆಮೇಲೆ ರೋಲ್ ಕೇಜಿಗೆ, ಅಂದರೆ ಕಾರು ಉರುಳಿದರೆ ನಮ್ಮನ್ನು ಕಾಯುವ ಉಕ್ಕಿನ ಪಂಜರಕ್ಕೆ, ದುಡ್ಡಿಲ್ಲ. ಗಾಡಿ ಮೂರು ವರ್ಷ ಟಾರ್ಪಾಲಿನ್ ಕೆಳಗೆ ನಿಂತಿತು. ಕೊನೆಗೂ ಕೇಜ್ ಕೂರಿಸಿ ತಪಾಸಣೆಗೆ ತೆಗೆದುಕೊಂಡು ಹೋದಾಗ, ಅಲ್ಲಿನ ಹಿರಿಯರು ಬೆಲ್ಟಿನ ಮೇಲಿನ ಚಿಕ್ಕ ಚೀಟಿಯನ್ನು ಹೆಬ್ಬೆರಳಿನಿಂದ ಉಜ್ಜಿ ಓದಿದರು. ಅವಧಿ ಮುಗಿದಿತ್ತು. ಒಮ್ಮೆಯೂ ಹಾಕಿಕೊಳ್ಳದ ಬೆಲ್ಟ್ ಅದು. ಟೈರು ಉಗುರು ಒತ್ತಿದರೂ ಇಳಿಯದಷ್ಟು ಗಟ್ಟಿಯಾಗಿತ್ತು. ಅವತ್ತು ನಾನು ಕಾರನ್ನು ಟ್ರೇಲರ್ ಮೇಲೆ ಹತ್ತಿಸಿಕೊಂಡು ವಾಪಸ್ ಬಂದೆ.

ಹಾಗಾಗಿ ನಿಮ್ಮ ಲೆಕ್ಕವನ್ನು ಹಿಂದಿನಿಂದ ಹಾಕೋಣ. ಕಟ್ಟುವ ಖರ್ಚಿನಿಂದ ಬೇಡ, ಓಡಿಸುವ ಖರ್ಚಿನಿಂದ ಶುರು ಮಾಡೋಣ.

ಇಲ್ಲಿ ಒಂದು ವಾರಾಂತ್ಯದ ರೇಸಿಗೆ ಪ್ರವೇಶ ಶುಲ್ಕ ಸುಮಾರು 600 ಡಾಲರ್ ಅಂದುಕೊಳ್ಳಿ. ಪೆಟ್ರೋಲಿಗೆ 150. ಬಾಡಿಗೆ ಟ್ರೇಲರ್, ಎಳೆಯುವ ಗಾಡಿಯ ಇಂಧನ ಸೇರಿ 250. ಟೈರು, ಬ್ರೇಕ್ ಪ್ಯಾಡ್ ಸವೆಯುವುದಕ್ಕೆ 200 ಎತ್ತಿಡಿ. ಊಟ, ವಸತಿಗೆ 100, ಅದೂ ಟ್ರ್ಯಾಕ್ ಪಕ್ಕ ರೇಸ್ ಕಾರು ನಿಲ್ಲಿಸುವ ಪ್ಯಾಡಕ್‌ನಲ್ಲೇ ಟೆಂಟ್ ಹಾಕಿ ಮಲಗಿದರೆ. ಒಟ್ಟು 1,300. ಇದೆಲ್ಲ ನನ್ನ ಲೆಕ್ಕದ ಪುಸ್ತಕದ ಅಂದಾಜು, ನಿಮ್ಮದು ಸ್ವಲ್ಪ ಆಚೆ ಈಚೆ ಆಗಬಹುದು. ಮೊದಲ ವರ್ಷ ನಾಲ್ಕು ವಾರಾಂತ್ಯ ಅಂದರೆ 5,200. ಡ್ರೈವಿಂಗ್ ಸ್ಕೂಲು, ಲೈಸೆನ್ಸು, ವೈದ್ಯಕೀಯ ತಪಾಸಣೆ, ಕ್ಲಬ್ ಸದಸ್ಯತ್ವಕ್ಕೆ ಇನ್ನು 1,300. ಏನಾದರೂ ಮುರಿದರೆ ಅಂತ 2,000. ಅಲ್ಲಿಗೆ 8,500 ಆಯಿತು. ಈ 8,500ನ್ನು ಬೇರೆ ಖಾತೆಗೆ ಹಾಕಿ, ಅದರ ಕಾರ್ಡನ್ನು ಬೀರುವಿನಲ್ಲಿಡಿ. ಕಾರು ಕಟ್ಟುವಾಗ ಅದು ಇಲ್ಲವೇ ಇಲ್ಲ ಅಂದುಕೊಳ್ಳಿ. ನಿಮ್ಮ ನಿಜವಾದ ಬಜೆಟ್ 25,000 ಅಲ್ಲ, 16,500.

ಬೇಸರ ಆಗಬಹುದು. ಆದರೆ 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅನ್ನುವವರ ನಾಡಿನಿಂದ ಬಂದವರು ನಾವು. ಗೃಹಪ್ರವೇಶದ ದಿನ ಅಡುಗೆಗೆ ದುಡ್ಡಿಲ್ಲದಂತೆ ಯಾರೂ ಮನೆ ಕಟ್ಟಬಾರದು, ಅಲ್ವಾ?

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಕಾರು ಕಟ್ಟುವುದಕ್ಕಿಂತ ಕಟ್ಟಿದ ಕಾರು ಕೊಳ್ಳುವುದು ಯಾವಾಗಲೂ ಅಗ್ಗ. ವಯಸ್ಸಾಗಿ ರೇಸ್ ಬಿಟ್ಟವರ ಎಂಜಿಬಿಗಳು ಲಾಗ್‌ಬುಕ್ (ಕಾರಿನ ರೇಸ್ ದಾಖಲೆ ಪುಸ್ತಕ) ಸಮೇತ ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಅವರು ಹಾಕಿದ ದುಡ್ಡಿನ ಅರ್ಧಕ್ಕೇ ಸಿಗುವುದೂ ಉಂಟು. ಕೇಜು, ಇಂಧನ ಟ್ಯಾಂಕು, ಒಳ್ಳೆ ಇಂಜಿನ್ನು ಎಲ್ಲ ಅದರಲ್ಲೇ ಇರುತ್ತದೆ. ನಿಮಗೆ ರೇಸ್ ಮಾಡುವುದೊಂದೇ ಮುಖ್ಯ ಆಗಿದ್ದರೆ, ನಿಮ್ಮ ಕಾರನ್ನು ರಸ್ತೆಗೇ ಇಟ್ಟುಕೊಂಡು ಅಂಥದ್ದೊಂದು ಕೊಳ್ಳಿ. ಕಟ್ಟುವುದರಲ್ಲೇ ಖುಷಿ ಇದೆ ಅನ್ನುವವರು ಮಾತ್ರ ಮುಂದೆ ಓದಿ. ನಿಮ್ಮ ಪತ್ರ ನೋಡಿದರೆ ನೀವು ಆ ಜಾತಿಯವರೇ ಅನ್ನಿಸುತ್ತದೆ. ನಾನೂ ಅದೇ ಜಾತಿ.

ಈಗ ಕಾರಿನ ಕಡೆ ಬರೋಣ. 1967 ಒಳ್ಳೆಯ ವರ್ಷ. ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾಯಿತು. 5 ಲಕ್ಷಕ್ಕಿಂತ ಜಾಸ್ತಿ ಕಾರುಗಳು ಹೊರಬಂದವು. ಅದಕ್ಕೇ ಇವತ್ತಿಗೂ ಒಂದೊಂದು ಬೋಲ್ಟೂ ಹೊಸದಾಗಿ ಸಿಗುತ್ತದೆ. ಬಜೆಟ್ ಬಿಗಿ ಇರುವವರಿಗೆ ಇದಕ್ಕಿಂತ ದೊಡ್ಡ ವರ ಇಲ್ಲ. ಇದೇ ಕಾಲದ ಇಟಲಿಯ ಕಾರೊಂದನ್ನು ಕೊಂಡಿದ್ದರೆ ಒಂದು ವಾಟರ್ ಪಂಪಿಗೆ ತಿಂಗಳುಗಟ್ಟಲೆ ಕಾಯಬೇಕಿತ್ತು.

ನೀವು ಹಾಸನದವರು ಅಂದಿದ್ದಕ್ಕೆ ಒಂದು ವಿಷಯ ಹೇಳಲೇಬೇಕು. ನಿಮ್ಮ ಬಾನೆಟ್ ಕೆಳಗಿರುವುದು ಬಿಎಂಸಿ ಕಂಪನಿಯ ಬಿ-ಸೀರೀಸ್ ಇಂಜಿನ್, 1,798 ಸಿಸಿ. ನಮ್ಮ ಅಂಬಾಸಡರ್‌ನಲ್ಲಿ ವರ್ಷಗಟ್ಟಲೆ ಓಡಿದ 1,489 ಸಿಸಿ ಪೆಟ್ರೋಲ್ ಇಂಜಿನ್ ಇದರದೇ ಮನೆತನ. ರಾಕರ್ ಕವರ್ ತೆಗೆದು ನೋಡಿ. ಊರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಫೀಲರ್ ಗೇಜ್ ಹಿಡಿದು ಬಗ್ಗಿ ನಿಂತಿರುತ್ತಿದ್ದ ಮೆಕ್ಯಾನಿಕ್ಕಿನ ನೆನಪು ಬರದಿದ್ದರೆ ಕೇಳಿ. ಅದೇ ರಾಕರ್ ಸಾಲು, ಅದೇ ಪುಶ್‌ರಾಡ್. ದೊಡ್ಡ ವ್ಯತ್ಯಾಸ ಕೆಳಗಿದೆ. ಅಂಬಾಸಡರ್‌ನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡ, ಮೂರು ಬೇರಿಂಗ್ ಮೇಲೆ ಕೂತಿತ್ತು, ನಿಮ್ಮದರಲ್ಲಿ ಐದರ ಮೇಲೆ. 1964ರ ಕೊನೆಯಲ್ಲಿ ಆದ ಬದಲಾವಣೆ ಅದು. ಅದರಿಂದಲೇ ಇದು ರೇಸಿನಲ್ಲಿ ಅಷ್ಟು ಗಟ್ಟಿ.

ಆದರೂ ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವ ಮೊದಲು ನಿಯಮ ಪುಸ್ತಕ ಓದಿ. ನೀವು ಯಾವ ಕ್ಲಬ್ಬಿನ ಜೊತೆ ಓಡುತ್ತೀರಿ ಅಂತ ತೀರ್ಮಾನಿಸಿ, ಅವರ ಪುಸ್ತಕವನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ವಿಂಟೇಜ್ ರೇಸಿನ ತತ್ವ ಸರಳ. ಕಾರು ಆ ಕಾಲದಲ್ಲಿ ಹೇಗೆ ರೇಸ್ ಆಗುತ್ತಿತ್ತೋ ಹಾಗಿರಬೇಕು. ಅದಕ್ಕೇ ಐದು ಗೇರಿನ ಹೊಸ ಗೇರ್‌ಬಾಕ್ಸು, ಹಿಂದೆ ಡಿಸ್ಕ್ ಬ್ರೇಕು, ಅಗಲ ಚಕ್ರ ಇವೆಲ್ಲ ರಸ್ತೆ ಕಾರಿಗೆ ಚೆನ್ನಾಗಿದ್ದರೂ ಇಲ್ಲಿ ಹಲವು ಗುಂಪುಗಳಲ್ಲಿ ನಡೆಯುವುದಿಲ್ಲ. ನಾನು ಓದದೆ 7 ಇಂಚಿನ ಚಕ್ರ ಕೊಂಡು, ನಷ್ಟಕ್ಕೆ ಮಾರಿದ್ದೇನೆ. ಸದ್ದಿನ ಮಿತಿಯನ್ನೂ ನೋಡಿ. ಲಗೂನಾ ಸೇಕಾದಲ್ಲಿ ಅದು ತುಂಬಾ ಬಿಗಿ. ಮಿತಿ ದಾಟಿದರೆ ಕರಿ ಬಾವುಟ ತೋರಿಸಿ ಒಳಗೆ ಕರೆಯುತ್ತಾರೆ. ಸೈಲೆನ್ಸರ್ ಎಲ್ಲಿ ಕೂರಬೇಕು ಅನ್ನುವುದನ್ನು ಕಾರಿನ ತಳ ಖಾಲಿ ಇರುವಾಗಲೇ ಯೋಚಿಸಿ.

ಮುಂದಿನ ಕೆಲಸ ಬಾಡಿ. ನೀವು ಹೇಳಿದ ಬಾಗಿಲ ಕೆಳಗಿನ ತುಕ್ಕಿನ ವಿಷಯವನ್ನು ನಾನು ಇಂಜಿನ್ ಹೊಗೆಗಿಂತ ಹತ್ತು ಪಟ್ಟು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಎಂಜಿಬಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಅದರಲ್ಲೂ ರೋಡ್‌ಸ್ಟರ್‌ಗೆ ಮೇಲ್ಛಾವಣಿಯ ಆಸರೆಯೂ ಇಲ್ಲ. ಬಾಗಿಲ ಕೆಳಗಿನ ಸಿಲ್‌ಗಳೇ ಇಡೀ ಕಾರನ್ನು ಹಿಡಿದು ನಿಲ್ಲಿಸಿರುವ ಬೆನ್ನೆಲುಬು. ಹೊರಗೆ ಕಾಣುವುದು ಒಂದು ತಗಡು. ಅದರ ಹಿಂದೆ ನಿಂತ ತಗಡು ಇನ್ನೊಂದಿದೆ, ಕೆಳಗೆ ಮತ್ತೊಂದು. ಹೊರಗೆ ಕಾಸಿನಗಲ ಗುಳ್ಳೆ ಎದ್ದಿದ್ದರೆ ಒಳಗೆ ಅಂಗೈ ಅಗಲ ತಿಂದಿರುತ್ತದೆ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಬಾಗಿಲು ಹಾಕಿ, ಅದರ ಹಿಂಭಾಗದ ಸಂದಿಯನ್ನು ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ ಅಳೆದು ಬರೆದುಕೊಳ್ಳಿ. ಆಮೇಲೆ ಸಿಲ್ ಮಧ್ಯದ ಜ್ಯಾಕ್ ಜಾಗಕ್ಕೆ ಮರದ ತುಂಡು ಕೊಟ್ಟು ನಿಧಾನವಾಗಿ ಎತ್ತಿ. ಮತ್ತೆ ಅಳೆಯಿರಿ. ಸಂದಿ ಬದಲಾದರೆ, ಅಥವಾ ಬಾಗಿಲು ತೆಗೆಯಲು ಬಿಗಿಯಾದರೆ, ಆ ಕಡೆ ಸಿಲ್ ಸತ್ತಿದೆ ಅಂತ ಅರ್ಥ. ಜ್ಯಾಕ್ ಹಾಕಿದ ಜಾಗವೇ ಕರಕರ ಅಂತ ಒಳಗೆ ಹೋದರೆ ಅಳೆಯುವುದೇ ಬೇಡ. ಕಾರಿನ ಕೆಳಗೆ ಮಾತ್ರ ಯಾವ ಕಾರಣಕ್ಕೂ ಕೈ ಹಾಕಬೇಡಿ, ಸ್ಟ್ಯಾಂಡ್ ಇಲ್ಲದೆ.

ಒಂದು ಕಡೆ ಸಿಲ್ ಬದಲಿಸುವುದಕ್ಕೆ ನಾನು 700 ಡಾಲರ್ ಹಿಡಿಯುತ್ತೇನೆ. ತಗಡು ಅಗ್ಗ, ವೆಲ್ಡರ್ ಸಮಯ ತುಟ್ಟಿ. ತಯಾರಿಯನ್ನೆಲ್ಲ ನೀವೇ ಮಾಡಿ ವೆಲ್ಡಿಂಗಿಗಷ್ಟೇ ಅವರನ್ನು ಕರೆದರೆ ಮಾತ್ರ ಈ ಲೆಕ್ಕ. ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡ ಕಂಬಿ ಬೆಸೆದು ಕಟ್ಟಿ, ಇಲ್ಲದಿದ್ದರೆ ಬಾಡಿ ನಡುವೆ ಬಾಗಿಬಿಡುತ್ತದೆ.

ಎರಡೂ ಕಡೆ ಸಿಲ್ ಗಟ್ಟಿ ಇದ್ದು, ಕಾರು ಮೂಲ ಬಣ್ಣ, ಮೂಲ ಒಳಾಂಗಣದಲ್ಲೇ ಇದ್ದರೆ ನನ್ನ ಮನಸ್ಸು ಬೇರೆ ಹೇಳುತ್ತದೆ. ಅಂಥ ಕಾರನ್ನು ಕತ್ತರಿಸಬೇಡಿ. ಅದನ್ನು ರಸ್ತೆಗೆ ಬಿಟ್ಟು, ತುಕ್ಕು ಹಿಡಿದ ಇನ್ನೊಂದನ್ನು ರೇಸಿಗೆ ಹುಡುಕಿ. ಐವತ್ತು ವರ್ಷ ಯಾರೋ ಜೋಪಾನ ಮಾಡಿದ್ದನ್ನು ನಾವು ಒಂದು ಶನಿವಾರ ಗ್ರೈಂಡರ್ ಹಿಡಿದು ಹಾಳು ಮಾಡುವುದು ಸರಿಯಲ್ಲ.

ಬಾಡಿ ಸರಿಯಾದ ಮೇಲೆ ರೋಲ್ ಕೇಜ್. ಇದೇ ದೊಡ್ಡ ಖರ್ಚು, 3,200 ಇಡಿ. ಈ ತೂಕದ ಕಾರಿಗೆ ಸಾಮಾನ್ಯವಾಗಿ ಒಂದೂವರೆ ಇಂಚು ವ್ಯಾಸದ, 0.095 ಇಂಚು ದಪ್ಪ ಗೋಡೆಯ ಉಕ್ಕಿನ ಕೊಳವೆ ಬಳಸುತ್ತಾರೆ. ನಿಮ್ಮ ಕ್ಲಬ್ಬಿನ ಪುಸ್ತಕದಲ್ಲಿ ಇರುವುದೇ ಅಂತಿಮ. ಕೇಜ್ ಮಾಡುವವರ ಬಳಿ ಹೋಗುವಾಗ ನಿಮ್ಮ ಸೀಟು ಕಾರಿನಲ್ಲಿ ಕೂತಿರಬೇಕು. ಹೆಲ್ಮೆಟ್ಟು ಯಾರದಾದರೂ ಸಾಲ ತಂದು ತಲೆ ಮೇಲಿರಬೇಕು. ಕೂತಾಗ ಮೇಲಿನ ಕಂಬಿ ಹೆಲ್ಮೆಟ್ಟಿಗಿಂತ ಕನಿಷ್ಠ 2 ಇಂಚು ಎತ್ತರ ಇರಲಿ. ಕಾರು ಒಂದು ಕಡೆ, ನೀವು ಒಂದು ಕಡೆ ಇದ್ದರೆ ಅವರು ಅಂದಾಜಿನ ಮೇಲೆ ಬಗ್ಗಿಸುತ್ತಾರೆ. ನಂತರ ನಿಮ್ಮ ತಲೆಗೆ ಕಂಬಿ ತಾಗುತ್ತದೆ. ಬಣ್ಣ ಹೊಡೆಯುವುದು ಇದೆಲ್ಲ ಮುಗಿದ ಮೇಲೆ. ಮೊದಲು ಬಣ್ಣ ಹೊಡೆಸಿ ಆಮೇಲೆ ವೆಲ್ಡ್ ಮಾಡಿಸಿದವರನ್ನು ನೋಡಿದ್ದೇನೆ, ನೋಡಿ ಸಂಕಟಪಟ್ಟಿದ್ದೇನೆ.

ಕೇಜಿನ ಜೊತೆ ಬರುವ ಉಳಿದ ಸುರಕ್ಷತೆಯನ್ನೂ ಇಲ್ಲೇ ಲೆಕ್ಕ ಹಾಕಿಬಿಡೋಣ. ಸೀಟಿಗೆ 700, ಬೆಲ್ಟಿಗೆ 250, ಒಳಗೆ ಬ್ಲ್ಯಾಡರ್, ಅಂದರೆ ಸೋರದಂತೆ ತಡೆಯುವ ಚೀಲ, ಇರುವ ಇಂಧನ ಟ್ಯಾಂಕಿಗೆ 1,300, ಬೆಂಕಿ ನಂದಿಸುವ ವ್ಯವಸ್ಥೆಗೆ 600, ಅಪಾಯದಲ್ಲಿ ಕರೆಂಟ್ ಕಡಿಯುವ ಕಿಲ್ ಸ್ವಿಚ್ಚು, ವೈರಿಗೆ 150. ನಿಮ್ಮದು ತೆರೆದ ಕಾರು, ಉರುಳಿದರೆ ಕೈ ಹೊರಗೆ ಹೋಗದಂತೆ ಹಿಡಿಯುವ ಪಟ್ಟಿ, ಕಂಬಿಗೆ ಸುತ್ತುವ ಪ್ಯಾಡಿಂಗು ಸೇರಿ 100. ಕೇಜೂ ಸೇರಿ 6,300. ನಿಮ್ಮ ಮೈ ಮೇಲಿನದಕ್ಕೆ ಬೇರೆ 1,900. ಅದರಲ್ಲಿ ಹೆಲ್ಮೆಟ್ಟು, ಕುತ್ತಿಗೆ ಕಾಯುವ ಹ್ಯಾನ್ಸ್ ಸಾಧನ, ಬೆಂಕಿ ತಡೆಯುವ ಸೂಟು, ಕೈಗವಸು, ಶೂ ಎಲ್ಲ ಬಂತು. ಹೆಲ್ಮೆಟ್ಟಿನ ಒಳಗೆ ಸ್ನೆಲ್ ಸಂಸ್ಥೆಯ ಎಸ್‌ಎ ಅನ್ನುವ ಗುರುತು ಇರಬೇಕು. ಮೋಟಾರ್ ಸೈಕಲ್ಲಿನ ಎಂ ಗುರುತಿನದು ನಡೆಯುವುದಿಲ್ಲ, ಅದರಲ್ಲಿ ಬೆಂಕಿಯ ಪರೀಕ್ಷೆ ಇರುವುದಿಲ್ಲ.

ಇಲ್ಲೇ ನಿಮಗೆ ನಾನು ಒತ್ತಿ ಹೇಳಬೇಕಾದ ಮಾತು ಇರುವುದು. ಈ ಸಾಮಾನುಗಳಲ್ಲಿ ಎರಡು ಬಗೆ ಇದೆ. ಕೇಜು, ಬ್ರೇಕಿನ ಕೊಳವೆ, ಸ್ವಿಚ್ಚು ಇವುಗಳಿಗೆ ವಯಸ್ಸಿಲ್ಲ. ಬೆಲ್ಟು, ಬ್ಲ್ಯಾಡರ್, ಹೆಲ್ಮೆಟ್ಟು, ಟೈರು ಹಾಲಿನ ಪ್ಯಾಕೆಟ್ ಇದ್ದ ಹಾಗೆ, ದಿನಾಂಕ ಇರುತ್ತದೆ. ಬೆಲ್ಟಿನ ಮೇಲೆ ಎಸ್‌ಎಫ್‌ಐ ಅಥವಾ ಎಫ್‌ಐಎ ಅನ್ನುವ ಸುರಕ್ಷತಾ ಮಾನದಂಡದ ಗುರುತು ಇರುತ್ತದೆ. ಎಸ್‌ಎಫ್‌ಐ ಗುರುತಿನ ಬೆಲ್ಟಿಗೆ ತಯಾರಾದ ದಿನದಿಂದ ಎರಡು ವರ್ಷ. ಎಫ್‌ಐಎ ಗುರುತಿನದಕ್ಕೆ ಐದು ವರ್ಷ. ಎಫ್‌ಐಎ ಬೆಲ್ಟು ಸ್ವಲ್ಪ ತುಟ್ಟಿ ಆದರೂ ವರ್ಷಕ್ಕೆ ಭಾಗಿಸಿದರೆ ಅದೇ ಅಗ್ಗ. ಟ್ಯಾಂಕಿನ ಬ್ಲ್ಯಾಡರಿಗೂ ಐದು ವರ್ಷ. ಅಂಗಡಿಯ ಕಪಾಟಿನಲ್ಲಿ ಕೂತಿದ್ದ ಕಾಲವೂ ನಿಮ್ಮ ಲೆಕ್ಕದಿಂದಲೇ ಹೋಗುತ್ತದೆ, ರಿಯಾಯಿತಿ ಕೊಡುವುದು ಅದಕ್ಕೇ. ಹಾಗಾಗಿ ವಯಸ್ಸಿಲ್ಲದ್ದನ್ನು ಮೊದಲು ಕೊಳ್ಳಿ, ವಯಸ್ಸಿರುವುದನ್ನು ಕಟ್ಟಕಡೆಗೆ ಕೊಳ್ಳಿ. ಮೊದಲ ರೇಸಿಗೆ ಎರಡು ತಿಂಗಳು ಇರುವಾಗ, ಚೀಟಿಯ ಫೋಟೋ ಕೇಳಿ ನೋಡಿ, ಆಮೇಲೆ ದುಡ್ಡು ಕಟ್ಟಿ.

16,500ರಲ್ಲಿ 8,200 ಹೋಯಿತು. ಉಳಿದದ್ದು 8,300.

ಇದರಲ್ಲಿ ಸಿಲ್‌ಗೆ 700. ಬ್ರೇಕು, ಸಸ್ಪೆನ್ಷನ್ನಿಗೆ 2,200. ಮುಂದಿನ ಡಿಸ್ಕ್ ಬ್ರೇಕ್ ಒಳ್ಳೆಯ ಪ್ಯಾಡ್ ಹಾಕಿದರೆ ಈ ತೂಕಕ್ಕೆ ಸಾಕು. ಆದರೆ ರಬ್ಬರ್ ಹೋಸು, ಸಿಲಿಂಡರು, ದ್ರವ ಎಲ್ಲ ಹೊಸದಾಗಲಿ, ಒಂದನ್ನೂ ಉಳಿಸಬೇಡಿ. ಸಸ್ಪೆನ್ಷನ್ನಿನಲ್ಲಿ ಮೊದಲು ಹಳೇ ಬುಶ್, ಮುಂದಿನ ಚಕ್ರ ತಿರುಗಲು ಆಧಾರವಾಗಿರುವ ಕಿಂಗ್‌ಪಿನ್ ಬದಲಿಸಿ. ಸವೆದ ಕಿಂಗ್‌ಪಿನ್ ಮೇಲೆ ಎಷ್ಟು ದುಬಾರಿ ಸ್ಪ್ರಿಂಗ್ ಹಾಕಿದರೂ ಕಾರು ನೇರ ಹೋಗುವುದಿಲ್ಲ. ರಸ್ತೆಗೆ ತಯಾರಾದಾಗ ಮುಂದಿನ ಚಕ್ರಗಳ ತಲೆ ಸ್ವಲ್ಪ ಹೊರಗೆ ವಾಲಿರುತ್ತದೆ. ರೇಸಿಗೆ ಅದು ಒಳಗೆ ವಾಲಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಟೈರಿನ ಹೊರ ಅಂಚೇ ಎಲ್ಲ ಭಾರ ಹೊತ್ತು ಸವೆದುಹೋಗುತ್ತದೆ. ಅದಕ್ಕೆ ಕೆಳಗಿನ ತೋಳು ಬದಲಿಸುವ ಕಿಟ್ ಸಿಗುತ್ತದೆ. ಲಿವರ್ ಡ್ಯಾಂಪರ್‌ಗಳನ್ನು (ಹಳೇ ಕಾಲದ ಶಾಕ್ ಅಬ್ಸಾರ್ಬರ್) ರಿಪೇರಿ ಮಾಡಿಸಿ ಉಳಿಸಿಕೊಳ್ಳಿ.

ನಿಮ್ಮದರಲ್ಲಿ ಕಡ್ಡಿ ಚಕ್ರ ಇದ್ದರೆ ಅವನ್ನು ತೆಗೆದು ಗೋಡೆಗೆ ನೇತುಹಾಕಿ. ನೋಡಲು ಚೆಂದ, ನನಗೂ ಇಷ್ಟ. ಆದರೆ ಹಲ್ಲು ಸವೆದ ಹಬ್ ಮೇಲೆ ರೇಸ್ ಟೈರಿನ ಹಿಡಿತ ಹಾಕುವುದು ಅಪಾಯ. ಬೋಲ್ಟ್ ಹಾಕುವ ಅಲಾಯ್ ಚಕ್ರಕ್ಕೆ, ಅದಕ್ಕೆ ಬೇಕಾದ ಹಬ್ಬಿಗೆ 850, ಟೈರಿಗೆ 900 ಇಡಿ. ಕೂಲಿಂಗು, ಆಯಿಲ್ಲಿಗೆ 900. ಅಲ್ಲಿಗೆ ಉಳಿದದ್ದು 2,750.

ಅದರಲ್ಲಿ 1,200ನ್ನು ಯಾವುದಕ್ಕೂ ಹೆಸರಿಲ್ಲದೆ ಇಡಿ. ಈ ಸಾಲು ನಿಮ್ಮ ಎಕ್ಸೆಲ್ ಹಾಳೆಯಲ್ಲಿ ಇರಲಿಕ್ಕಿಲ್ಲ, ಯಾರ ಹಾಳೆಯಲ್ಲೂ ಇರುವುದಿಲ್ಲ. ಬೋಲ್ಟು, ಹೋಸ್ ಕ್ಲಿಪ್ಪು, ಫಿಟ್ಟಿಂಗು, ಗ್ಯಾಸ್ಕೆಟ್ಟು, ಕತ್ತರಿಸುವ ಡಿಸ್ಕು, ಮೂರು ಸಲ ತರಿಸಿದ ತಪ್ಪು ಅಳತೆಯ ಅಡಾಪ್ಟರು, ಪಾರ್ಸೆಲ್ ಖರ್ಚು. ಹನಿಗೂಡಿದರೆ ಹಳ್ಳ. ನನ್ನ ಎರಡನೇ ಕಾರಿನಲ್ಲಿ ಈ ಪುಟ ಒಂದೇ 1,400 ದಾಟಿತ್ತು.

ಕೊನೆಗೆ ಉಳಿದ 1,550 ನಿಮ್ಮ ಇಂಜಿನ್ನಿಗೆ. ಹೌದು, ಅಷ್ಟೇ. ಮೊದಲ ವರ್ಷಕ್ಕೆ ಅಷ್ಟೇ ಸಾಕು ಅಂತ ನಾನು ಮನಸಾರೆ ನಂಬಿದ್ದೇನೆ.

ಕಂಪ್ರೆಷನ್ ಪರೀಕ್ಷೆ ಮಾಡಿ. ಹೊಗೆ ನೀಲಿ ಬಣ್ಣದ್ದೋ, ಆಕ್ಸಿಲರೇಟರ್ ಒತ್ತಿದಾಗ ಬರುತ್ತದೋ, ಬಿಟ್ಟಾಗ ಬರುತ್ತದೋ ನೋಡಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು ಮತ್ತೆ ಒತ್ತಿದಾಗ ಬಂದರೆ ಬಹುಶಃ ವಾಲ್ವ್ ಗೈಡು. ಎಳೆಯುವಾಗ ಉದ್ದಕ್ಕೂ ಬಂದರೆ ರಿಂಗು. ಹೆಡ್ ಬಿಚ್ಚಿ ಬಿರುಕು ಪರೀಕ್ಷೆ ಮಾಡಿಸಿ, ಅದರಲ್ಲೂ ನಡುವಿನ ಎಗ್ಸಾಸ್ಟ್ ವಾಲ್ವ್‌ಗಳ ಸುತ್ತ. ಬಿ-ಸೀರೀಸ್ ಹೆಡ್ ಬಿರುಕು ಬಿಡುವುದು ಅಲ್ಲೇ. ಸಿಲಿಂಡರ್ ಅಳತೆ ಸರಿ ಇದ್ದರೆ ಹೊಸ ರಿಂಗು, ಹೊಸ ಬೇರಿಂಗು, ಗ್ಯಾಸ್ಕೆಟ್ಟು. ವಾಲ್ವ್ ತೆರೆಸುವ ಕ್ಯಾಮ್ ಹಳೇದೇ ಇರಲಿ. ಎರಡು ಎಸ್‌ಯು ಕಾರ್ಬುರೇಟರ್‌ಗಳನ್ನು ಬಿಚ್ಚಿ, ತೊಳೆದು, ಒಂದಕ್ಕೊಂದು ಹೊಂದಿಸಿ. ಟ್ಯಾಪೆಟ್ ಸಂದಿ 0.015 ಇಂಚು. ಸತು ಜಾಸ್ತಿ ಇರುವ, ಹಳೇ ಇಂಜಿನ್ನಿಗೆ ಅಂತಲೇ ಮಾಡಿದ ಆಯಿಲ್ ಹಾಕಿ, ಹೊಸ ಕಾರಿನದು ಈ ಕ್ಯಾಮಿಗೆ ಒಳ್ಳೆಯದಲ್ಲ. ಹೊಸದಿದ್ದಾಗ ಈ ಇಂಜಿನ್ 95 ಕುದುರೆ ಶಕ್ತಿಯದ್ದು. ನಿಮಗೆ 90 ಸಿಕ್ಕರೂ ಗುಂಪಿನ ಹಿಂಭಾಗದಲ್ಲಿ ಎರಡು ಮೂರು ಕಾರುಗಳ ಜೊತೆ ಭರ್ಜರಿ ರೇಸ್ ಸಿಗುತ್ತದೆ. ಹೊಸಬರು ಕಲಿಯುವುದೇ ಅಲ್ಲಿ.

ಆ 1,550ರಲ್ಲಿ ಯಾವುದನ್ನು ಬಿಟ್ಟರೂ ಸಂಪಿನ, ಅಂದರೆ ಇಂಜಿನ್ ತಳದ ಆಯಿಲ್ ತಟ್ಟೆಯ, ಅಡ್ಡ ತಗಡನ್ನು ಬಿಡಬೇಡಿ. ಇದರ ಕಥೆ ಹೇಳುತ್ತೇನೆ. ಥಂಡರ್‌ಹಿಲ್ ಟ್ರ್ಯಾಕಿನ ಎರಡನೇ ತಿರುವು ಎಡಕ್ಕೆ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಒಂದು ಬೆಳಿಗ್ಗೆ ಅಲ್ಲಿ ಮೂರನೇ ಗೇರಿನಲ್ಲಿ ಒತ್ತಿ ಹಿಡಿದಿದ್ದೆ. ಕಣ್ಣಂಚಿನಲ್ಲಿ ಆಯಿಲ್ ಒತ್ತಡದ ಮುಳ್ಳು 60ರಿಂದ ಇಳಿಯುತ್ತಿತ್ತು. 40. 25. ತಿರುವು ಮುಗಿದು ಸ್ಟೀರಿಂಗ್ ನೇರ ಆಗುತ್ತಲೇ ಮುಳ್ಳು ಮತ್ತೆ ಮೇಲೆ ಹಾರಿತು. ತಟ್ಟೆಯಲ್ಲಿ ಸಾರು ಹಿಡಿದುಕೊಂಡು ಗಿರ್ರನೆ ತಿರುಗಿದರೆ ಸಾರೆಲ್ಲ ಒಂದು ಅಂಚಿಗೆ ಹೋಗುತ್ತದಲ್ಲ, ಹಾಗೆ ಸಂಪಿನ ಆಯಿಲ್ ಒಂದು ಬದಿಗೆ ಸರಿದು, ಪಂಪು ಗಾಳಿ ಎಳೆಯುತ್ತಿತ್ತು. ಆ ಎರಡು ಸೆಕೆಂಡು ಕ್ರ್ಯಾಂಕು, ಬೇರಿಂಗು ಒಣಗಿ ಉಜ್ಜಿಕೊಳ್ಳುತ್ತವೆ. ನಾನು ತಕ್ಷಣ ಒಳಗೆ ಬಂದೆ. ಬಿಚ್ಚಿ ನೋಡಿದಾಗ ಬೇರಿಂಗಿನ ಬೂದು ಪದರ ಹೋಗಿ ತಾಮ್ರ ಕಾಣುತ್ತಿತ್ತು. ಇನ್ನು ನಾಲ್ಕು ಸುತ್ತು ಹೋಗಿದ್ದರೆ ರಾಡ್ ಬ್ಲಾಕ್ ಒಡೆದು ಹೊರಗೆ ಬರುತ್ತಿತ್ತು. ಸಂಪಿನೊಳಗೆ ಆಯಿಲ್ ಸರಿಯದಂತೆ ತಡೆಯುವ ತಗಡಿಗೆ 200 ಡಾಲರ್ ಒಳಗೇ ಆಗುತ್ತದೆ. 12,000ದ ಇಂಜಿನ್ ಕೂಡ ಅದಿಲ್ಲದೆ ಅದೇ ತಿರುವಿನಲ್ಲಿ ಸಾಯುತ್ತದೆ.

ಆ ಮುಳ್ಳಿನ ಪಕ್ಕ ದೊಡ್ಡ ಕೆಂಪು ದೀಪವೊಂದನ್ನೂ ಹಾಕಿ. ರೇಸಿನಲ್ಲಿ ಮೀಟರ್ ನೋಡಲು ಪುರುಸೊತ್ತು ಇರುವುದಿಲ್ಲ, ದೀಪ ಹತ್ತಿದರೆ ಕಾಣುತ್ತದೆ.

ಒಂದು ವರ್ಷ ಓಡಿಸಿದ ಮೇಲೆ ನಿಮಗೇ ಗೊತ್ತಾಗುತ್ತದೆ, ಇಂಜಿನ್ ನಿಮ್ಮನ್ನು ಹಿಡಿದಿಟ್ಟಿದೆಯಾ, ನೀವು ಇಂಜಿನ್ನನ್ನು ಹಿಡಿದಿಟ್ಟಿದ್ದೀರಾ ಅಂತ. ಆಗ ಸಂಬಳದಿಂದ ಉಳಿಸಿ, ಇನ್ನೊಂದು ಹಳೇ ಬ್ಲಾಕ್ ಕೊಂಡು, ಅದನ್ನು ರೇಸ್ ಇಂಜಿನ್ ಮಾಡಿಸಿ. ಇದು ಓಡುತ್ತಲೇ ಇರುತ್ತದೆ, ಅದು ನಿಧಾನವಾಗಿ ತಯಾರಾಗುತ್ತದೆ. ಆಮೇಲೆ ಹಳೇದು ನಿಮ್ಮ ಸ್ಪೇರ್ ಇಂಜಿನ್.

ಸಮಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ವರ್ಷ ಸಾಕು, ವಾರಕ್ಕೆ ಒಂದು ದಿನ ಸಿಕ್ಕರೆ. ಮೊದಲ ಎಂಟು ತಿಂಗಳಲ್ಲಿ ಬಾಡಿ, ಕೇಜ್ ಮುಗಿಯಲಿ. ಮುಂದಿನ ಆರು ತಿಂಗಳು ಬ್ರೇಕು, ಸಸ್ಪೆನ್ಷನ್ನು, ಟ್ಯಾಂಕು. ಆಮೇಲೆ ಇಂಜಿನ್ನು, ವೈರಿಂಗು. ಕೊನೆಯ ಮೂರು ತಿಂಗಳನ್ನು ಖಾಲಿ ಬಿಡಿ. ಅವು ತಾವಾಗಿಯೇ ತುಂಬಿಕೊಳ್ಳುತ್ತವೆ. ರೇಸಿಗೆ ಮುಂಚೆ ಒಂದು ದಿನ ಬರೀ ಪರೀಕ್ಷೆಗೆ ಟ್ರ್ಯಾಕಿಗೆ ಹೋಗಿ, ಹತ್ತು ಸುತ್ತಿಗೊಮ್ಮೆ ಒಳಗೆ ಬಂದು ಪ್ರತಿ ಬೋಲ್ಟನ್ನೂ ಮತ್ತೆ ಬಿಗಿ ಮಾಡಿ.

ಮನೆಯಲ್ಲಿ ಒಂದು ವಿಷಯ ಮುಚ್ಚಿಡಬೇಡಿ. ಮಾಮೂಲಿ ಕಾರ್ ವಿಮೆ ಟ್ರ್ಯಾಕ್ ಮೇಲಿನ ನಷ್ಟ ಕೊಡುವುದಿಲ್ಲ. ಕಾರು ಗೋಡೆಗೆ ಹೋದರೆ ಪೂರ್ತಿ ನಿಮ್ಮದೇ. ಸಮಾಧಾನದ ಸಂಗತಿ ಅಂದರೆ, ವಿಂಟೇಜ್ ರೇಸಿನಲ್ಲಿ ಒಬ್ಬರನ್ನೊಬ್ಬರು ಗುದ್ದುವುದನ್ನು ಯಾರೂ ಸಹಿಸುವುದಿಲ್ಲ. ಅಮೆರಿಕದ ಹಲವು ಕ್ಲಬ್ಬುಗಳಲ್ಲಿ '13/13' ಅನ್ನುವ ನಿಯಮ ಇದೆ. ನಿಮ್ಮ ತಪ್ಪಿನಿಂದ ಕಾರಿಗೆ ಕಾರು ತಾಗಿದರೆ 13 ತಿಂಗಳು ನಿಗಾ ಇಡುತ್ತಾರೆ. ಆ ಅವಧಿಯಲ್ಲಿ ಮತ್ತೆ ಆದರೆ 13 ತಿಂಗಳು ಹೊರಗೆ. ಈ ನಿಯಮ ಇರುವುದರಿಂದಲೇ ನಾನು ಈ ಆಟದಲ್ಲಿ ಇಷ್ಟು ವರ್ಷ ಉಳಿದಿದ್ದೇನೆ.

ದುಡ್ಡು ಖರ್ಚು ಮಾಡುವ ಮೊದಲು ಒಂದು ವಾರಾಂತ್ಯ ಸುಮ್ನೆ ಸೋನೋಮಾಕ್ಕೆ ಹೋಗಿ. ಕ್ಲಬ್ಬಿಗೆ ಸ್ವಯಂಸೇವಕರು ಯಾವಾಗಲೂ ಬೇಕು. ಪ್ಯಾಡಕ್‌ನಲ್ಲಿ ಬಾನೆಟ್ ಎತ್ತಿರುವ ಎಂಜಿಬಿ ಕಂಡರೆ ಹತ್ತಿರ ಹೋಗಿ ನಿಲ್ಲಿ. ಅದರ ಒಡೆಯರು ಕೇಳದೆಯೇ ಎಲ್ಲ ಹೇಳುತ್ತಾರೆ. ಯಾವ ವೆಲ್ಡರ್ ಒಳ್ಳೆಯವರು, ಯಾರ ಬಳಿ ಹಳೇ ಗೇರ್‌ಬಾಕ್ಸ್ ಇದೆ, ಯಾರು ಕಾರು ಮಾರಲಿದ್ದಾರೆ, ಎಲ್ಲ ಅಲ್ಲಿ ಸಿಗುತ್ತದೆ.

ಇಂಜಿನ್ ಕಟ್ಟುವವರಿಗೆ ಫೋನ್ ಮಾಡಿ, ಈಗ ಬೇಡ, ಕಾರನ್ನು ಒಂದು ವರ್ಷ ಓಡಿಸಿದ ಮೇಲೆ ಬರುತ್ತೇನೆ ಅಂತ ಹೇಳಿ. ಆಮೇಲೆ ಈ ಶನಿವಾರ ಜ್ಯಾಕ್ ತೆಗೆದು ಬಲಗಡೆ ಬಾಗಿಲಿನ ಸಂದಿ ಅಳೆಯಿರಿ. ಎತ್ತುವ ಮೊದಲಿನ ಅಳತೆ, ಎತ್ತಿದ ಮೇಲಿನ ಅಳತೆ, ಸಿಲ್‌ನ ಎರಡು ಫೋಟೋ ಕಳಿಸಿ. ಅದನ್ನು ನೋಡಿದ ಮೇಲೆ, ಈ ಕಾರನ್ನು ಕತ್ತರಿಸಬೇಕಾ ಬೇಡವಾ ಅನ್ನುವುದನ್ನು ಇಬ್ಬರೂ ಸೇರಿ ತೀರ್ಮಾನಿಸೋಣ.